ಬೆಳಗ್ಗೆ ವಾಕಿಂಗ್, ಆಮೇಲೆ ಹತ್ತು ಗಂಟೆ ಕುರ್ಚಿ: ಕೂರುವುದನ್ನು ಒಡೆಯುವುದು ಹೇಗೆ?

ತುಮಕೂರಿನಲ್ಲಿ ನನ್ನ ಹತ್ತಿರ ಬರುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ದಿನಾ ಬೆಳಗ್ಗೆ ಅಮಾನಿಕೆರೆ ಹತ್ರ ವಾಕಿಂಗ್ ಹೋಗ್ತೀನಿ ಮೇಡಂ. ಆದ್ರೂ ಶುಗರ್ ಇಳೀತಿಲ್ಲ, ಸೊಂಟ ನೋವು ಹೋಗ್ತಿಲ್ಲ. ಯಾಕೆ?"

ನಾನು ಫಿಸಿಯೋಥೆರಪಿಸ್ಟ್. ಮಾತ್ರೆ ಬರೆಯುವವಳಲ್ಲ, ಕೈಕಾಲು ಬೆನ್ನು ಮತ್ತೆ ಕೆಲಸಕ್ಕೆ ಬರುವ ಹಾಗೆ ಮಾಡುವವಳು. ಹಾಗಾಗಿ ಅವರಿಗೆ ನನ್ನ ಮರುಪ್ರಶ್ನೆಯೂ ಒಂದೇ: "ವಾಕಿಂಗ್ ಮುಗಿದ ಮೇಲೆ ಏನು ಮಾಡ್ತೀರಿ?" ಪೇಪರ್ ಓದುವುದು, ತಿಂಡಿ, ಸ್ಕೂಟರ್, ಆಫೀಸಿನ ಕುರ್ಚಿ, ಊಟ, ಮತ್ತೆ ಕುರ್ಚಿ, ಸ್ಕೂಟರ್, ಸೋಫಾ, ಟಿವಿ. ನಡೆದದ್ದು 40 ನಿಮಿಷ. ಕೂತದ್ದು 10 ಗಂಟೆ.

ವಾಕಿಂಗ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಬೆಳಗಿನ ನಡಿಗೆ ಒಂದು ಕೆಲಸ, ದಿನವಿಡೀ ಕೂರುವುದನ್ನು ಮಧ್ಯೆ ಮಧ್ಯೆ ಒಡೆಯುವುದು ಇನ್ನೊಂದು ಕೆಲಸ. ಮೊದಲನೆಯದು ಎಲ್ಲರಿಗೂ ಗೊತ್ತಿದೆ. ಈ ಲೇಖನ ಎರಡನೆಯದಕ್ಕೆ.

ಕೂತಾಗ ಒಳಗೆ ಏನಾಗುತ್ತದೆ?

ಹಂತಗಳಿಗೆ ಹೋಗುವ ಮುಂಚೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರಣ ಗೊತ್ತಿಲ್ಲದಿದ್ದರೆ ಅಲಾರಂ ಇಟ್ಟ ಮೂರನೇ ದಿನಕ್ಕೆ ಆಫ್ ಮಾಡಿಬಿಡುತ್ತೀರಿ.

ನಮ್ಮ ಮೈಯಲ್ಲಿ ಅತಿ ದೊಡ್ಡ ಸ್ನಾಯುಗಳು ಇರುವುದು ತೊಡೆ ಮತ್ತು ಪಿರ್ರೆಯಲ್ಲಿ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ಸ್ನಾಯುಗಳೇ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳಬಲ್ಲದು. ಇನ್ಸುಲಿನ್ ಅಂದರೆ ಸಕ್ಕರೆಯನ್ನು ರಕ್ತದಿಂದ ಜೀವಕೋಶಕ್ಕೆ ಕಳಿಸುವ ಹಾರ್ಮೋನ್. ಸಕ್ಕರೆ ಕಾಯಿಲೆ ಇರುವವರಲ್ಲಿ ಸೊರಗುವುದು ಅದರ ಕೆಲಸವೇ. ಅಂದರೆ ನಡೆಯುವ ಕಾಲು ಹಿತ್ತಲ ಬಾಗಿಲಿನಿಂದ ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತದೆ. ಕೂತೇ ಇದ್ದರೆ ಆ ಬಾಗಿಲು ಮುಚ್ಚಿದಂತೆ. ಕೊಬ್ಬಿನ ಕಥೆಯೂ ಇದೇ. ರಕ್ತದಲ್ಲಿರುವ ಕೊಬ್ಬನ್ನು ಒಡೆದು ಸ್ನಾಯುವಿಗೆ ಕೊಡುವ ಒಂದು ಕಿಣ್ವ, ಅಂದರೆ ಎನ್‌ಜೈಮ್, ಸ್ನಾಯುವಿನ ಸಣ್ಣ ರಕ್ತನಾಳಗಳಲ್ಲಿ ಇರುತ್ತದೆ. ಕಾಲು ಸುಮ್ಮನಿದ್ದರೆ ಅದರ ಕೆಲಸವೂ ಕುಗ್ಗುತ್ತದೆ.

ಇನ್ನು ಮೀನಖಂಡ. ಮಂಡಿಯ ಕೆಳಗೆ, ಕಾಲಿನ ಹಿಂಭಾಗದಲ್ಲಿ ಉಬ್ಬಿರುತ್ತದಲ್ಲ, ಅದು. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ವಾಪಸ್ ತರಲು ಮೀನಖಂಡದ ಸಹಾಯ ಬೇಕು. ಹೆಜ್ಜೆ ಇಟ್ಟಾಗಲೆಲ್ಲ ಅದು ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಬೋರ್‌ವೆಲ್ ಪಂಪ್ ಇದ್ದ ಹಾಗೆ. ಗಂಟೆಗಟ್ಟಲೆ ಕೂತರೆ ಪಂಪ್ ಆಫ್. ಸಂಜೆ ಸಾಕ್ಸ್ ತೆಗೆದಾಗ ಕಣಕಾಲಿನ ಮೇಲೆ ಎಲಾಸ್ಟಿಕ್‌ನ ಗುಂಡಿ ಬಿದ್ದಿರುವುದನ್ನು ನೋಡಿದ್ದೀರಲ್ವಾ? ಎಷ್ಟೋ ಜನರಲ್ಲಿ ಅದಕ್ಕೆ ಕಾರಣ ಹೀಗೆ ಕೆಳಗೆ ನಿಂತ ನೀರು.

ಬೆನ್ನಿನದು ಬೇರೆ ತರಹ. ಬೆನ್ನುಮೂಳೆಗಳ ಮಧ್ಯೆ ಇರುವ ಮೆತ್ತನೆಯ ಬಿಲ್ಲೆಗಳಿಗೆ, ಡಿಸ್ಕ್ ಅಂತೀವಲ್ಲ ಅವಕ್ಕೆ, ದೊಡ್ಡವರಾದ ಮೇಲೆ ಸ್ವಂತ ರಕ್ತಸಂಚಾರ ಇಲ್ಲವೆಂದೇ ಹೇಳಬೇಕು. ಪೋಷಕಾಂಶ ಸುತ್ತಮುತ್ತಲಿಂದ ಒಸರಿ ಬರಬೇಕು. ನಾವು ಬಾಗಿ, ಎದ್ದು, ನಡೆದಾಗ ಬಿಲ್ಲೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ದ್ರವ ಓಡಾಡುತ್ತದೆ. ಬಟ್ಟೆ ಒಗೆಯುವಾಗ ಹಿಂಡಿ ಬಿಟ್ಟು ಮಾಡುತ್ತೇವಲ್ಲ, ಹಾಗೆ. ಒಂದೇ ಭಂಗಿಯಲ್ಲಿ ಮೂರು ಗಂಟೆ ಇದ್ದರೆ ಆ ಓಡಾಟ ಮಂದವಾಗುತ್ತದೆ. ಬೆನ್ನಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ.

ಕೂರುವುದಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಮೊದಲು ಗಮನ ಸೆಳೆದದ್ದು ಬಸ್ಸಿನಿಂದ. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್‌ನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ವರದಿ ಪ್ರಕಟಿಸಿದರು. ಅದೇ ಬಸ್, ಅದೇ ರೂಟ್. ಚಾಲಕ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು. ಮಾರಿಸ್ ಅಷ್ಟಕ್ಕೇ ಬಿಡಲಿಲ್ಲ. 1956ರಲ್ಲಿ ಇಬ್ಬರ ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆ ಹಿಡಿದು ನೋಡಿದರು. ಚಾಲಕರ ಸೊಂಟ ಕೆಲಸಕ್ಕೆ ಸೇರಿದಾಗಲೇ ದಪ್ಪ ಇತ್ತು. ಹಾಗಾಗಿ ತಪ್ಪೆಲ್ಲ ಸೀಟಿನದೇ ಅಂತ ಹೇಳಲು ಬರುವುದಿಲ್ಲ. ಆದರೆ ಆಮೇಲೆ ಬಂದ ದೊಡ್ಡ ದೊಡ್ಡ ಅಧ್ಯಯನಗಳೂ ಅದೇ ದಿಕ್ಕಿಗೆ ಬೆರಳು ತೋರಿಸಿದವು. ಅಂದ ಹಾಗೆ, ಮಾರಿಸ್ ಬದುಕಿದ್ದು 99 ವರ್ಷ.

ನಮ್ಮ ದೇಶದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಜಾಸ್ತಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. 2024ರ ಇನ್ನೊಂದು ವರದಿಯಂತೆ ನಮ್ಮಲ್ಲಿ ಅರ್ಧದಷ್ಟು ವಯಸ್ಕರು ಬೇಕಾದಷ್ಟು ಮೈ ಆಡಿಸುತ್ತಿಲ್ಲ. ಗಂಡಸರಲ್ಲಿ 42 ಶೇಕಡ, ಹೆಂಗಸರಲ್ಲಿ 57 ಶೇಕಡ. "ಮನೆ ಕೆಲಸ ಮಾಡ್ತಾರಲ್ಲ, ಅವರಿಗೇನು" ಅನ್ನುವ ಗಂಡಂದಿರು ಈ ಸಾಲನ್ನು ಇನ್ನೊಮ್ಮೆ ಓದಿ.

ಏನೇನು ಬೇಕು?

ಟೈಲರ್ ಬಳಸುವ ಟೇಪು, ಒಂದು ಚೀಟಿ, ಪೆನ್ನು, ಕೈ ಇಲ್ಲದ ಗಟ್ಟಿ ಕುರ್ಚಿ, ಹಳೆ ಟವೆಲ್. ಸ್ಮಾರ್ಟ್ ವಾಚ್ ಇದ್ದರೆ ಇರಲಿ, ಇಲ್ಲದಿದ್ದರೆ ತಗೋಬೇಡಿ.

ಹಂತ 1: ಒಂದು ದಿನದ ಲೆಕ್ಕ ಬರೆಯಿರಿ

ಕೆಲಸದ ದಿನವೊಂದನ್ನು ಆರಿಸಿ. ಭಾನುವಾರ ಬೇಡ. ಕೂತಾಗ ಗಂಟೆ ಬರೆಯಿರಿ, ಎದ್ದಾಗ ಗಂಟೆ ಬರೆಯಿರಿ. ಊಟಕ್ಕೆ ಕೂತದ್ದು, ಬೈಕ್, ಬಸ್ಸು, ದೇವರ ಮುಂದೆ ಕೂತದ್ದು, ಎಲ್ಲ ಸೇರಬೇಕು. ರಾತ್ರಿಯ ನಿದ್ದೆ ಲೆಕ್ಕಕ್ಕಿಲ್ಲ. ಆದರೆ ಎಚ್ಚರವಾಗಿದ್ದು ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲ್ ನೋಡಿದ್ದು ಲೆಕ್ಕಕ್ಕಿದೆ.

ರಾತ್ರಿ ಎರಡು ಸಂಖ್ಯೆ ತೆಗೆಯಿರಿ. ಒಂದು, ಒಟ್ಟು ಎಷ್ಟು ಗಂಟೆ ಕೂತಿರಿ. ಎರಡು, ಒಮ್ಮೆಯೂ ಏಳದೆ ಅತಿ ಉದ್ದ ಕೂತದ್ದು ಎಷ್ಟು ಹೊತ್ತು. ನನಗೆ ಎರಡನೆಯದೇ ಮುಖ್ಯ. ಕೆಲಸ ಬಿಟ್ಟು ಒಟ್ಟು ಗಂಟೆ ಕಡಿಮೆ ಮಾಡುವುದು ಕಷ್ಟ. ಉದ್ದವನ್ನು ತುಂಡು ಮಾಡುವುದು ಇಂದೇ ಸಾಧ್ಯ.

ಆಮೇಲೆ ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟು ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಹೊಟ್ಟೆಯ ಒಳಗಿನ ಕೊಬ್ಬು ಜಾಸ್ತಿ ಆಗಿದೆ ಅಂತ ಅರ್ಥ.

ಇಲ್ಲಿ ಎಡವುವುದು ಎಲ್ಲಿ? ಲೆಕ್ಕವನ್ನು ನೆನಪಿನಿಂದ ಬರೆಯುವುದರಲ್ಲಿ. "ಐದಾರು ಗಂಟೆ ಇರಬಹುದು" ಅಂದವರ ಚೀಟಿಯಲ್ಲಿ ಹತ್ತು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ಯಾಂಟಿನ ಸೈಜನ್ನೇ ಸೊಂಟದ ಅಳತೆ ಅಂದುಕೊಳ್ಳುವುದು ಇನ್ನೊಂದು ತಪ್ಪು. ನಮ್ಮ ಗಂಡಸರು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಹೊಟ್ಟೆ ಎಷ್ಟೇ ಬಂದರೂ ಸೈಜ್ 34 ಹಾಗೇ ಇರುತ್ತದೆ!

ಹಂತ 2: ಅರ್ಧ ಗಂಟೆಗೊಮ್ಮೆ ಏಳಿ

ಇದೇ ಮುಖ್ಯ ಹಂತ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. 11 ಜನರನ್ನು ಎಂಟು ಗಂಟೆ ಕೂರಿಸಿ, ಬೇರೆ ಬೇರೆ ದಿನ ಬೇರೆ ಬೇರೆ ಅಂತರದಲ್ಲಿ ನಡೆಸಿ ನೋಡಿದರು. ಅರ್ಧ ಗಂಟೆಗೊಮ್ಮೆ 5 ನಿಮಿಷ ನಿಧಾನವಾಗಿ ನಡೆದ ದಿನ, ಊಟದ ನಂತರ ಸಕ್ಕರೆ ಏರುವುದು 58 ಶೇಕಡ ಕಡಿಮೆಯಾಗಿತ್ತು. ನಡುನಡುವೆ ಒಂದೇ ನಿಮಿಷ ನಡೆದ ದಿನಗಳಲ್ಲೂ ಬಿಪಿ ನಾಲ್ಕೈದು ಪಾಯಿಂಟ್ ಇಳಿದಿತ್ತು. 11 ಜನ ಅಂದರೆ ಕಡಿಮೆಯೇ, ಒಪ್ಪುತ್ತೇನೆ. ಆದರೆ ಇದರಿಂದ ನಷ್ಟ ಏನೂ ಇಲ್ಲ, ಖರ್ಚೂ ಇಲ್ಲ.

ಅರ್ಧ ಗಂಟೆಗೊಮ್ಮೆ 5 ನಿಮಿಷ ಎದ್ದರೆ ಮ್ಯಾನೇಜರ್ ಏನಂತಾರೆ ಅಂತ ಕೇಳುತ್ತೀರಿ. ಸರಿ. ಎರಡು ನಿಮಿಷದಿಂದ ಶುರು ಮಾಡಿ. ಮೊದಲ ವಾರ ಗಂಟೆಗೊಮ್ಮೆ, ಎರಡನೇ ವಾರದಿಂದ ಅರ್ಧ ಗಂಟೆಗೊಮ್ಮೆ.

ಅಲಾರಂ ಇಡಿ, ಆದರೆ ಅದನ್ನೇ ನಂಬಬೇಡಿ. ಎದುರಿಗೆ ಗಿರಾಕಿ ಇರುವಾಗ ಅಲಾರಂ ಹೊಡೆದರೆ ಯಾರು ಏಳುತ್ತಾರೆ? ಹೇಗೂ ದಿನಾ ಮಾಡುವ ಕೆಲಸಕ್ಕೆ ಏಳುವುದನ್ನು ಗಂಟು ಹಾಕಿ. ಫೋನ್ ಬಂದರೆ ಎದ್ದು ನಡೆಯುತ್ತಾ ಮಾತಾಡಿ. ಎರಡು ಲೀಟರ್ ಬಾಟಲಿ ಟೇಬಲ್ ಮೇಲೆ ಇಡಬೇಡಿ, ಸಣ್ಣ ಲೋಟ ಇಡಿ. ಲೋಟ ಖಾಲಿಯಾದಾಗ ಏಳಲೇಬೇಕು. ಕುಡಿದದ್ದು ಮತ್ತೊಮ್ಮೆ ಏಳಿಸುತ್ತದೆ.

ಅಂಗಡಿಯವರಿಗೆ ಒಂದು ಮಾತು. ಮಂಡಿಪೇಟೆ ಕಡೆ ನೋಡಿ, ಗಲ್ಲಾಪೆಟ್ಟಿಗೆ ಮುಂದೆ ಯಜಮಾನರು ಬೆಳಗ್ಗೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಸಾಮಾನು ತೆಗೆದುಕೊಡಲು ಹುಡುಗ, ಟೀ ತರಲು ಹುಡುಗ, ಚಿಲ್ಲರೆ ತರಲೂ ಹುಡುಗ. ಹುಡುಗನ ಕಾಲು ಗಟ್ಟಿಯಾಗುತ್ತದೆ, ಯಜಮಾನರ ಕಾಲು ಊದುತ್ತದೆ. ಗಂಟೆಗೆ ಎರಡು ಗಿರಾಕಿಗಳಿಗೆ ನೀವೇ ಎದ್ದು ಸಾಮಾನು ಕೊಡಿ ಸ್ವಾಮಿ.

ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ನಮ್ಮಲ್ಲಿ ತುಂಬಾ ಜನ. ಸುಮಾರು 70 ಕಿಲೋಮೀಟರ್, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಸೀಟು ಸಿಕ್ಕವರು ಅದನ್ನು ಬಿಡಲು ಹೆದರುತ್ತಾರೆ, ಗೊತ್ತು. ಇವರಿಗೆ ಸ್ಟೇಷನ್ನೇ ಅಲಾರಂ. ದಾಬಸ್‌ಪೇಟೆ ಬಂದಾಗ ಬ್ಯಾಗ್ ಸೀಟಿನ ಮೇಲಿಟ್ಟು ಎದ್ದು ನಿಲ್ಲಿ, 20 ಸಲ ತುದಿಗಾಲಲ್ಲಿ ಏರಿ ಇಳಿಯಿರಿ. ದೊಡ್ಡಬೆಲೆಯಲ್ಲಿ ಇನ್ನೊಮ್ಮೆ. ಚಿಕ್ಕಬಾಣಾವರ ದಾಟಿದ ಮೇಲೆ ಕೂರಲೇಬೇಡಿ, ಹೇಗೂ ಯಶವಂತಪುರಕ್ಕೆ ಎಲ್ಲರೂ ಬಾಗಿಲ ಹತ್ತಿರ ನುಗ್ಗುವವರೇ. ಓಡುವ ರೈಲಿನಲ್ಲಿ ಕಂಬಿ ಹಿಡಿದುಕೊಂಡೇ ಮಾಡಿ. ಬಾಗಿಲಲ್ಲಿ ನಿಂತು ಬೇಡವೇ ಬೇಡ.

ಏಳಲು ಆಗದ ಜಾಗದಲ್ಲಿ, ಅಂದರೆ ಮೀಟಿಂಗ್, ಬಸ್ಸು, ಮದುವೆ ಮಂಟಪ, ಪಾದ ನೆಲಕ್ಕೆ ಊರಿ ಹಿಮ್ಮಡಿಗಳನ್ನು ಮಾತ್ರ ಎತ್ತಿ ಇಳಿಸಿ. ನಿಧಾನವಾಗಿ 30 ಸಲ. ಮೀನಖಂಡದ ಪಂಪ್ ಸ್ವಲ್ಪವಾದರೂ ಓಡುತ್ತದೆ.

ಎಚ್ಚರಿಕೆ: ಎದ್ದು ಒಂದೇ ಕಡೆ ನಿಲ್ಲುವುದು ಪರಿಹಾರ ಅಲ್ಲ. "ನಿಂತು ಕೆಲಸ ಮಾಡುವ ಟೇಬಲ್ ತಗೊಳ್ಲಾ?" ಅಂತ ತುಂಬಾ ಜನ ಕೇಳುತ್ತಾರೆ. ದಿನವಿಡೀ ನಿಂತವರಿಗೂ ಕಾಲಿನ ರಕ್ತನಾಳ ಉಬ್ಬುತ್ತದೆ, ಅಂದರೆ ವೆರಿಕೋಸ್ ವೇನ್ಸ್. ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಹೆಣ್ಣುಮಕ್ಕಳ ಕಾಲು ನೋಡಿದರೆ ಗೊತ್ತಾಗುತ್ತದೆ. ಬೇಕಾದದ್ದು ಓಡಾಟ. ಇನ್ನೊಂದು ವಿಷಯ, ಪ್ರತಿ ಸಲ ಎದ್ದಾಗಲೂ ಟೀ, ಬಿಸ್ಕತ್ತು, ಸಿಗರೇಟು ಅಂತಾದರೆ ಗಳಿಸಿದ್ದೆಲ್ಲ ಅಲ್ಲೇ ಖರ್ಚು.

ಹಂತ 3: ಉಂಡ ಮೇಲೆ ಹತ್ತು ನಿಮಿಷ

ತಿಂದ ಸುಮಾರು ಒಂದು, ಒಂದೂವರೆ ಗಂಟೆಯ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ತುದಿ ಮುಟ್ಟುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ಸೋಫಾಕ್ಕೆ ಒರಗಿರುತ್ತೇವೆ. ಉಂಡ ಮೇಲೆ ನೂರು ಹೆಜ್ಜೆ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಅದಕ್ಕೆ ಸ್ವಲ್ಪ ಸೇರಿಸಿ ಹತ್ತು ನಿಮಿಷ ಮಾಡಿ. ಜೋರು ನಡಿಗೆ ಬೇಡ. ಹಿತ್ತಲಿನಿಂದ ಗೇಟಿನವರೆಗೆ ಓಡಾಡಿದರೂ ಆಯಿತು.

ದಿನಕ್ಕೆ ಒಂದೇ ಸಲ ಸಾಧ್ಯ ಅನ್ನುವವರು ರಾತ್ರಿ ಊಟದ ನಂತರದ್ದನ್ನು ಆರಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ದೊಡ್ಡ ಊಟ ಆಗುವುದು ರಾತ್ರಿ, ಅದಾದ ಮೇಲೆ ಉದ್ದಕ್ಕೆ ಕೂರುವುದೂ ರಾತ್ರಿ. ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋದಾಗ ಮೂರು ಇಡ್ಲಿ ಜಾಸ್ತಿಯಾಯಿತು ಅನಿಸಿದರೆ, ಕಾರು ಹತ್ತುವ ಮುಂಚೆ ಹತ್ತು ನಿಮಿಷ ಅಲ್ಲೇ ಸುತ್ತಾಡಿ ಬನ್ನಿ.

ಎಚ್ಚರಿಕೆ: ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುವವರು ಓಡಾಟ ಜಾಸ್ತಿ ಮಾಡಿದಾಗ ಸಕ್ಕರೆ ಅಗತ್ಯಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು, ಇವು ಲಕ್ಷಣ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ, ಡಾಕ್ಟರಿಗೆ ಹೇಳಿ.

ಹಂತ 4: ಕೂರುವ ಜಾಗ ನೋಡಿ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಜನ ಇದಕ್ಕೇ ಜಾಸ್ತಿ ದುಡ್ಡು ಸುರಿಯುತ್ತಾರೆ, ಲಾಭ ಕಡಿಮೆ. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಸೊಂಟದ ಹಿಂದಿನ ಟೊಳ್ಳಿಗೆ ಟವೆಲ್ ಸುರುಳಿ ಸುತ್ತಿ ಇಡಿ. ಕಂಪ್ಯೂಟರ್ ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಬರಲಿ. ಲ್ಯಾಪ್‌ಟಾಪ್ ಆದರೆ ನಾಲ್ಕು ದಪ್ಪ ಪುಸ್ತಕದ ಮೇಲಿಟ್ಟು ಬೇರೆ ಕೀಬೋರ್ಡ್ ಜೋಡಿಸಿ. ಹಿಂದಿನ ಜೇಬಿನ ಪರ್ಸ್ ತೆಗೆದಿಡಿ. ಅದು ಒಂದು ಕಡೆಯ ಪಿರ್ರೆಯನ್ನು ಎತ್ತಿ ಕಾಲಿನ ನರವನ್ನು ಒತ್ತುತ್ತದೆ. ಒಂದೇ ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಇದನ್ನು ಮಾಡಿ ನೋಡಿ.

ದುಬಾರಿ ಕುರ್ಚಿಯ ತೊಂದರೆ ಏನು ಗೊತ್ತಾ? ಅದರಿಂದ ಏಳಲು ಮನಸ್ಸೇ ಬರುವುದಿಲ್ಲ.

ಹಂತ 5: ಕಳೆದುಕೊಂಡ ಶಕ್ತಿ ವಾಪಸ್ ತರುವ ನಾಲ್ಕು ವ್ಯಾಯಾಮ

ವಾರಕ್ಕೆ ಕನಿಷ್ಠ ಎರಡು ದಿನ, ಮಧ್ಯೆ ಒಂದು ದಿನ ಬಿಟ್ಟು. ಹತ್ತು ನಿಮಿಷ ಸಾಕು. ಜಿಮ್ ಬೇಡ.

ಒಂದು, ಕುರ್ಚಿಯಿಂದ ಏಳುವುದು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಇಲ್ಲದಿದ್ದರೆ ಜಾರುತ್ತದೆ. ಸೀಟಿನ ಮುಂದಿನ ಅರ್ಧಕ್ಕೆ ಬಂದು ಕೂರಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಅಡ್ಡ. ಮೂಗು ಪಾದದ ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿಯಿಂದ ನೆಲವನ್ನು ತಳ್ಳಿ ಏಳಿ. ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ಎಲ್ಲರೂ ತಪ್ಪು ಮಾಡುವುದು ಇಲ್ಲೇ: ಏಳುವುದು ಸರಿಯಾಗಿರುತ್ತದೆ, ಕೂರುವಾಗ ಮೂಟೆ ಹಾಕಿದ ಹಾಗೆ ಧೊಪ್ಪೆಂದು ಬೀಳುತ್ತಾರೆ. ತೊಡೆಗೆ ಒಳ್ಳೆಯ ಕೆಲಸ ಸಿಗುವುದು ಆ ನಿಧಾನದಲ್ಲಿ. ಮಂಡಿಗಳು ಒಳಕ್ಕೆ ವಾಲದಿರಲಿ. 10 ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು 10. ಮಂಡಿ ನೋವಿರುವವರು ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ.

ಎರಡು, ತುದಿಗಾಲು. ಗೋಡೆಗೆ ಎರಡು ಬೆರಳು ತಾಗಿಸಿ ನಿಂತು ಹಿಮ್ಮಡಿ ಎತ್ತಿ, ಮೇಲೆ ಒಂದು ಕ್ಷಣ ನಿಂತು ಇಳಿಸಿ. 15 ಸಲ. ಹಾಲು ಕಾಯಿಸುವಾಗ ಒಲೆ ಮುಂದೆ ಇದನ್ನು ಮಾಡಬಹುದು. ಹಾಲು ಉಕ್ಕುವುದೂ ತಪ್ಪುತ್ತದೆ.

ಮೂರು, ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನ ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆ ಹತ್ತಿರ ತಂದು ವಾಪಸ್ ತಳ್ಳಿ. 10 ಸಲ. ಸೊಂಟ ಜೋತು ಬೀಳಬಾರದು.

ನಾಲ್ಕು, ಸೊಂಟದ ಮುಂಭಾಗ ಸಡಿಲ ಮಾಡುವುದು. ಕೂತೂ ಕೂತೂ ತೊಡೆಗೂ ಸೊಂಟಕ್ಕೂ ನಡುವಿನ ಸ್ನಾಯು ಬಿಗಿಯಾಗಿರುತ್ತದೆ. ಚಾಪೆಯ ಮೇಲೆ ಬಲ ಮಂಡಿ ಊರಿ, ಎಡ ಪಾದ ಮುಂದಿಡಿ. ಬೆನ್ನು ನೆಟ್ಟಗಿಟ್ಟು, ಬಲ ಪಿರ್ರೆ ಬಿಗಿ ಮಾಡಿ, ಸೊಂಟವನ್ನು ಸ್ವಲ್ಪ ಮುಂದಕ್ಕೆ ತನ್ನಿ. ಬಲ ತೊಡೆಯ ಮುಂದೆ ಎಳೆತ ಗೊತ್ತಾಗಬೇಕು. 30 ಸೆಕೆಂಡ್. ಆಮೇಲೆ ಇನ್ನೊಂದು ಕಡೆ. ಎಳೆತ ಸೊಂಟದ ಹಿಂದೆ ಬಂದರೆ ಬೆನ್ನು ಜಾಸ್ತಿ ಬಾಗಿದೆ ಅಂತ ಅರ್ಥ.

ಹಂತ 6: ಈಗ ನಿಮ್ಮ ವಾಕಿಂಗ್‌ಗೆ ಬರೋಣ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ಮಧ್ಯಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಮಾನಿಕೆರೆ ದಾರಿಯಲ್ಲಿ ಗುಂಪಾಗಿ ರಾಜಕೀಯ ಚರ್ಚೆ ಮಾಡುತ್ತಾ, ಪಾಯಿಂಟು ಬಂದಾಗಲೆಲ್ಲ ನಿಂತು ನಡೆಯುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಬೇಡ ಅನ್ನುತ್ತಿಲ್ಲ, ಅದು ಮನಸ್ಸಿಗೆ ಒಳ್ಳೆಯದು. ಕೊನೆಯ ಸುತ್ತನ್ನಾದರೂ ಬಾಯಿ ಮುಚ್ಚಿ ಬಿರುಸಾಗಿ ಹಾಕಿ.

ಹಾಗಾದರೆ ತುಂಬಾ ನಡೆದು ಕೂರುವುದನ್ನು ಸರಿದೂಗಿಸಬಹುದಾ? ಒಂದು ಮಟ್ಟಿಗೆ ಹೌದು. 10 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ಒಟ್ಟು ಹಾಕಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವುದು ಇದು: ದಿನಕ್ಕೆ 60ರಿಂದ 75 ನಿಮಿಷ ಇಂಥ ಚಟುವಟಿಕೆ ಮಾಡುವವರಲ್ಲಿ, ಎಂಟು ಗಂಟೆಗಿಂತ ಜಾಸ್ತಿ ಕೂರುವುದರಿಂದ ಬರುವ ಸಾವಿನ ಅಪಾಯ ಹೆಚ್ಚುಕಮ್ಮಿ ಕಾಣಲಿಲ್ಲ. ದಿನಕ್ಕೆ ಗಮನಿಸಿ, ವಾರಕ್ಕಲ್ಲ. ನಿಮ್ಮ 40 ನಿಮಿಷ ಅಲ್ಲಿಗೆ ಮುಟ್ಟುವುದಿಲ್ಲ. ಆರು ದಿನ ಅಲ್ಲಾಡದೆ ಇದ್ದು ಭಾನುವಾರ ಒಂದೇ ಉಸಿರಿಗೆ ದೇವರಾಯನದುರ್ಗ ಹತ್ತುವವರು ಸೋಮವಾರ ಮಂಡಿ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ನೆಲದ ಮೇಲೆ ಕೂತು ದುಡಿಯುವವರಿಗೆ

ಕೂರುವ ಕಾಯಿಲೆ ಅಂದರೆ ಎಸಿ ಆಫೀಸಿನದು ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಮೊರವನ್ನು ತೊಡೆ ಮೇಲಿಟ್ಟು ಬೀಡಿ ಕಟ್ಟುವವರು, ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವವರು ಆಫೀಸಿನವರಿಗಿಂತ ಉದ್ದ ಕೂರುತ್ತಾರೆ. ಕೈ ನಿಲ್ಲುವುದಿಲ್ಲ, ಕಾಲು ಅಲ್ಲಾಡುವುದಿಲ್ಲ. ತೂಕದ ಲೆಕ್ಕ, ಕಟ್ಟಿನ ಲೆಕ್ಕದ ಕೂಲಿ ಆದ್ದರಿಂದ ಎದ್ದರೆ ದುಡ್ಡು ಹೋಗುತ್ತದೆ. ಇವರಿಗೆ ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆಯಿರಿ ಅಂದರೆ ನಗುತ್ತಾರೆ, ನಗಬೇಕಾದದ್ದೇ.

ಹಾಗಾಗಿ ಕೂಲಿ ಕಡಿಮೆಯಾಗದ ಉಪಾಯ ಮಾತ್ರ ಹೇಳುತ್ತೇನೆ. ಪಿರ್ರೆಯ ಕೆಳಗೆ ನಾಲ್ಕು ಮಡಿಕೆ ಮಾಡಿದ ಬೆಡ್‌ಶೀಟ್ ಹಾಕಿಕೊಳ್ಳಿ, ಸೊಂಟ ಮಂಡಿಗಿಂತ ಎತ್ತರವಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಒಂದು ಕಟ್ಟು ಮುಗಿದಾಗ ಮೇಲಿರುವ ಕಾಲನ್ನು ಬದಲಿಸಿ. ಕಟ್ಟಿದ ಬೀಡಿ, ಬಿಡಿಸಿದ ಹಣ್ಣು ಹಾಕುವ ಬುಟ್ಟಿಯನ್ನು ಕೈಗೆ ಸಿಗದಷ್ಟು ದೂರ ಇಡಿ, ಮೊರ ತುಂಬಿದಾಗ ಎದ್ದು ಹೋಗಿ ಸುರಿದು ಬನ್ನಿ. ಎರಡು ಮೂರು ನಿಮಿಷ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಲು ಆಗುವುದಾದರೆ ಮಾಡಿ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನ ದಿನಕ್ಕೆ ಹತ್ತು ಗಂಟೆಯಷ್ಟು ಹೊತ್ತು ಕೂತೇ ಕಳೆಯುತ್ತಾರೆ, ಆದರೂ ನಮ್ಮ ಕಾಯಿಲೆಗಳು ಅವರಲ್ಲಿ ಕಡಿಮೆ ಅಂತ 2020ರಲ್ಲಿ ವರದಿಯಾಗಿತ್ತು. ಅವರ ಓಡಾಟ ಜಾಸ್ತಿ ಅನ್ನುವುದು ನಿಜ. ಜೊತೆಗೆ ಅವರು ಕುರ್ಚಿಗೆ ಒರಗುವುದಿಲ್ಲ, ಎಷ್ಟೋ ಹೊತ್ತು ಕುಕ್ಕರಗಾಲಲ್ಲೇ ಇರುತ್ತಾರೆ. ಆಗ ಕಾಲಿನ ಸ್ನಾಯು ಎಚ್ಚರವಾಗಿರುತ್ತದೆ. ಮಂಡಿ ಸವೆತ ಇರುವವರು ಮಾತ್ರ ಇದಕ್ಕೆ ಕೈ ಹಾಕಬೇಡಿ.

ಯಾವಾಗ ಇದನ್ನೆಲ್ಲ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು?

ಎರಡೂ ಕಾಲು ಸಂಜೆ ಸ್ವಲ್ಪ ಊದಿ ಬೆಳಗ್ಗೆ ಇಳಿದರೆ ಗಾಬರಿ ಬೇಡ. ದಿನಾ ಊದುತ್ತಿದ್ದರೆ ಒಮ್ಮೆ ತೋರಿಸಿ. ಆದರೆ ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ, ಮುಟ್ಟಿದರೆ ಬಿಸಿ ಅನಿಸಿದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಡಿವಿಟಿ ಅನ್ನುತ್ತಾರೆ. ಆ ಕಾಲನ್ನು ತಿಕ್ಕಬೇಡಿ, ಎಣ್ಣೆ ಹಾಕಿ ಮಸಾಜ್ ಮಾಡಬೇಡಿ. ಆ ಹೆಪ್ಪು ಬಿಟ್ಟುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಜೊತೆಗೆ ಉಸಿರಾಟ ಕಷ್ಟವಾದರೆ 108ಕ್ಕೆ ಫೋನ್ ಮಾಡಿ. ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು ಇದರಲ್ಲಿ ಜಾಸ್ತಿ ಹುಷಾರಾಗಿರಬೇಕು.

ಬೆನ್ನು ನೋವಿನ ಜೊತೆ ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ಕೂರುವ ಜಾಗ ಮರಗಟ್ಟಿದಂತಾದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ನಡೆಯುವಾಗ ಎದೆ ಬಿಗಿದರೆ "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ.

ನಾಲ್ಕು ವಾರ ಆದ ಮೇಲೆ

ಹಂತ 1ರ ಚೀಟಿ ತೆಗೆದು, ಅಂದು ಸೋಮವಾರವಾಗಿದ್ದರೆ ಈಗಲೂ ಸೋಮವಾರವೇ ಮತ್ತೆ ಲೆಕ್ಕ ಬರೆಯಿರಿ. ಅತಿ ಉದ್ದ ಕೂತದ್ದು ಎರಡೂವರೆ ಗಂಟೆಯಿಂದ ಐವತ್ತು ನಿಮಿಷಕ್ಕೆ ಇಳಿದಿದ್ದರೂ ಒಳ್ಳೆಯ ಕೆಲಸವೇ. ಸೊಂಟದ ಸುತ್ತಳತೆ ಇಷ್ಟು ಬೇಗ ಇಳಿಯದಿರಬಹುದು, ಅದಕ್ಕೆ ಮೂರು ತಿಂಗಳು ಕೊಡಿ. ತೂಕದ ಯಂತ್ರ ಹತ್ತಬೇಡಿ.

ಅದರ ಬದಲು ಕುರ್ಚಿ ಪರೀಕ್ಷೆ ಮಾಡಿ. ಮನೆಯವರ ಕೈಗೆ ಮೊಬೈಲ್ ಕೊಟ್ಟು 30 ಸೆಕೆಂಡ್ ನೋಡಲು ಹೇಳಿ. ಕೈ ಎದೆಯ ಮೇಲಿಟ್ಟು ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಅಂತ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಿಗೆ 14, ಹೆಂಗಸರಿಗೆ 12 ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಬಿದ್ದು ಪೆಟ್ಟಾಗುವ ಅಪಾಯ ಜಾಸ್ತಿ ಅಂತ ಲೆಕ್ಕ. ನಿಮಗೆ 40 ವರ್ಷ, 11ಕ್ಕೇ ಏದುಸಿರು ಬಂತಾ? ಆ 11ನ್ನು ತಾರೀಖಿನ ಸಮೇತ ಕ್ಯಾಲೆಂಡರ್ ಮೇಲೆ ಬರೆದಿಡಿ. ಮುಂದಿನ ತಿಂಗಳು ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ. ಕುರ್ಚಿ ಬದಲಾದರೆ ಎತ್ತರ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ.